ಐದು ಎಂ.ಎಲ್.

ಆರಕ್ಕೆ ಓಟ ಅಂದಿದ್ದರು. ಮುಖ್ಯ ಅತಿಥಿ ಬಂದದ್ದು
ಏಳೂ ಮುಕ್ಕಾಲಿಗೆ. ಅಷ್ಟರಲ್ಲಿ ಸೂರ್ಯ
ಸಕ್ಕರೆ ಕಾರ್ಖಾನೆಯ ಚಿಮಣಿ ಹತ್ತಿ
ನಮಗಿಂತ ಮೊದಲೇ ರಸ್ತೆಗಿಳಿದಿದ್ದ.
ಅವರು ಬೀಸಿದ ಬಾವುಟದ ನೆರಳಷ್ಟೇ
ಇಡೀ ಸ್ಟೇಡಿಯಮ್ಮಿಗಿದ್ದ ನೆರಳು.

ಎದೆಯ ಮೇಲೆ ಇನ್ನೂರ ಹದಿನೇಳು. ನಾಲ್ಕು ಪಿನ್ನಿನಲ್ಲಿ ಒಂದು
ಚರ್ಮಕ್ಕೇ ಚುಚ್ಚಿತ್ತು. ನನ್ನ ಸರದಿಗೆ ಉಳಿದದ್ದು
ಎಲ್ಲಕ್ಕಿಂತ ದೊಡ್ಡ ಸೈಜಿನ ಟೀ ಶರ್ಟು.
ಚೂಡಿದಾರದ ಮೇಲೆ ಎಳೆದುಕೊಂಡೆ.
"ಅಕ್ಕೋ, ಗಾಳಿ ಬಂದ್ರೆ ಹಾರೋಯ್ತೀಯ" ಅಂದ, ನಂಬರು ಹಂಚುತ್ತಿದ್ದ ಸುಹೇಲ.
ಬರಲಿ ಮೊದಲು, ಅಂದೆ.

ನನ್ನದು ಊರ ಡೈರಿಯಲ್ಲಿ ಹಾಲು ಅಳೆಯುವ ಕೆಲಸ.
ಬೆಳಿಗ್ಗೆ ಮುನ್ನೂರೈವತ್ತು ಲೀಟರು, ಸಂಜೆ ಮುನ್ನೂರು.
ಕ್ಯಾನಿನ ಬಾಯಿಗೆ ಮೂಗಿಟ್ಟರೆ ಸಾಕು,
ಯಾರ ಹಸು ಏನು ಮೇದಿದೆ,
ಯಾರ ಬಿಂದಿಗೆ ನಲ್ಲಿಯ ಕೆಳಗೆ ಹೋಗಿ ಬಂದಿದೆ, ಹೇಳಿಬಿಡುತ್ತೇನೆ.
ಇಂಥವಳಿಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ತೋರಿಸಿದ್ದರು
ಗಾಜಿನ ಪೆಟ್ಟಿಗೆಯೊಳಗೊಂದು ಕೂಸು, ನನ್ನ ಅಂಗೈಯಷ್ಟು,
ಮೂಗಿಗೆ ನಳಿಗೆ. ಮೂರು ಗಂಟೆಗೊಮ್ಮೆ ಐದು ಎಂ.ಎಲ್.
"ತಾಯಿಗೆ ಇನ್ನೂ ಹಾಲಿಳಿದಿಲ್ಲ. ಬೇರೆ ತಾಯಂದಿರು
ಕೊಡ್ತಾರೆ, ಇಡೋದಕ್ಕೆ ಫ್ರಿಡ್ಜಿಲ್ಲ."
ಸ್ಯಾಂಪಲ್ಲಿಗೆ ತೆಗೆದು
ನಾನು ಚೆಲ್ಲುವುದೇ ಅದಕ್ಕಿಂತ ಹೆಚ್ಚು.
ಅದಕ್ಕೇ ಈ ಓಟ. ದೊಡ್ಡ ಮಾತೇನಿಲ್ಲ.

ಹೊಳಲು ಸರ್ಕಲ್ಲಿನವರೆಗೆ ಕಾಲು ನನ್ನ ಮಾತು ಕೇಳಿತು.
ಆಮೇಲೆ ಟಾರು ಮಾತಿಗಿಳಿಯಿತು.
ಹೆಜ್ಜೆಗೊಮ್ಮೆ ಬೂಟಿನ ತಳ ಹಿಡಿದು
ಎಲ್ಲಿಗೋಯ್ತೀಯ, ಕುಂತ್ಕೊ, ಅನ್ನುವ ಟಾರು.
ಹೊಂಗೆಯ ನೆರಳಿಂದ ಹೊಂಗೆಯ ನೆರಳಿಗೆ ಓಡಿದೆ,
ನಡುವಿನ ಬಿಸಿಲನ್ನು
ಕಷಾಯದ ಹಾಗೆ ಕಣ್ಮುಚ್ಚಿ ನುಂಗಿದೆ.
ಬೆವರು ಹುಬ್ಬು ದಾಟಿ ಕಣ್ಣಿಗಿಳಿದಾಗ
ರಸ್ತೆ ಎರಡಾಯಿತು. ಎರಡರಲ್ಲೂ ಬಿಸಿಲು.

ನಾಲ್ಕನೆಯ ಕಿಲೋಮೀಟರಿನ ನೀರಿನ ಟೇಬಲ್ಲಿನ ಕೆಳಗೆ
ಖಾಲಿ ಲೋಟಗಳು ಉರುಳಾಡುತ್ತಿದ್ದವು.
ಮುಂದೆ ಹೋದವರು ತಲೆಗೆ ಸುರಿದುಕೊಂಡರಂತೆ.
ಬೈಯೋಣವೆಂದರೆ ಬಾಯಲ್ಲಿ ಎಂಜಲಿಲ್ಲ.

ನಾಲೆ ಏರಿಯ ಮೇಲೆ ಹುಲ್ಲಿನ ಗಾಡಿ ಅಡ್ಡ ನಿಂತಿತ್ತು.
"ಯಾರವ್ವಾ ಅಟ್ಟುಸ್ಕೊಂಡ್ ಬತ್ತಾವ್ರೆ?"
ಯಾರೂ ಇಲ್ಲ.
"ಮತ್ಯಾಕೆ ಈ ಕೆಂಡದಲ್ಲಿ ಓಡೀಯೆ?"
ಕೂಸು... ಹಾಲು... ಅಂದೆ. ಫ್ರಿಡ್ಜು ಅನ್ನುವಷ್ಟು ಉಸಿರಿರಲಿಲ್ಲ.
ಗಾಡಿಯವನ ಮುಖವೇ ಬದಲಾಯಿತು.
"ಕೂಸ್ನ ಮನೇಲಿ ಮಡಗ್ಬುಟ್ಟು ಬಂದಿದ್ದೀಯ? ಬಿರ್ರನ್ ಹೋಗು ಮತ್ತೆ!"
ಹಗ್ಗ ಜಗ್ಗಿ, ಎತ್ತುಗಳನ್ನು ಇಳಿಜಾರಿಗೆ ತಿರುಗಿಸಿ
ದಾರಿ ಬಿಟ್ಟ.

ನನ್ನ ಮಗನಿಗೆ ಮೀಸೆ ಬಂದು ಆರು ವರ್ಷ.
ಆದರೂ ಅಲ್ಲಿಂದ ಮುಂದೆ
ಮನೆಯಲ್ಲೊಂದು ಕೂಸು ಅಳುತ್ತಲೇ ಇತ್ತು.
ಪಿನ್ನು ಚುಚ್ಚಿದ ಜಾಗದ ಸುತ್ತ
ಇಪ್ಪತ್ತೆರಡು ವರ್ಷದ ಹಿಂದಿನ ಹಾಗೆ
ಎದೆ ಬಿಗಿದು, ಒದ್ದೆಯಾಯಿತು.
ಬೆವರೇ ಇರಬೇಕು.

ನಾನು ತಲುಪುವಾಗ ಗಾಳಿಯ ಕಮಾನು
ಗಾಳಿ ಬಿಟ್ಟು ಮಲಗಿತ್ತು. ಕುರ್ಚಿಗಳು ಲಾರಿ ಹತ್ತಿದ್ದವು.
ಹಗ್ಗ ಸುತ್ತುತ್ತಿದ್ದ ಕಾನ್‌ಸ್ಟೇಬಲ್ ಸಿದ್ದಪ್ಪಾಜಿ
ನನ್ನನ್ನು ಕಂಡು, ಏನೂ ಮಾತಾಡದೆ,
ಬಿದ್ದಿದ್ದ ಕಮಾನಿನ ಒಂದು ಅಂಚನ್ನು
ಲಾಠಿಯಿಂದ ಎತ್ತಿ ಹಿಡಿದರು.
ಬಗ್ಗಿ, ಅದರಡಿ ದಾಟಿದೆ.

ಬಕೆಟ್ಟಿನ ತಳ ಬಳಿದು ಸುಹೇಲ ಮಜ್ಜಿಗೆ ಕೊಟ್ಟ.
ಒಂದು ಗುಟುಕು ನಾಲಗೆಯ ಮೇಲೆ ನಿಲ್ಲಿಸಿ ನೋಡಿದೆ.
ನೀರು ಜಾಸ್ತಿ ಕಣೋ, ಅಂದೆ,
ಲೋಟ ಮತ್ತೆ ಮುಂದೆ ಚಾಚುತ್ತ.