ಕೊನೆಯ ನಿಲ್ದಾಣ

ಎಡಗೈ ಮರಳುತ್ತಿದೆ ಗುನ್ವೋರ್, ಎನ್ನುತ್ತಾನೆ ಸಿಕ್ಸ್ಟೆನ್
ನನ್ನ ಮುಖಕ್ಕೆ ಆ ಕನ್ನಡಕದ ಪೆಟ್ಟಿಗೆ ಬಿಗಿಯುತ್ತ.
ಒಳಗೊಂದು ತೋಟ. ಗಾಳಿಯಿಲ್ಲದೆ ಅಲುಗುವ ಎಲೆ,
ತೂಕವಿಲ್ಲದ ಸೇಬು.
ಕೀಳಬೇಕು, ಬುಟ್ಟಿಗೆ ಹಾಕಬೇಕು. ಟಿಣ್ ಅನ್ನುತ್ತದೆ.
ಹದಿನಾಲ್ಕು. ಹದಿನೈದು. ಶಭಾಷ್.

ಕೈ ದಣಿದದ್ದಲ್ಲ, ಹೇಗೆ ಹೇಳಲಿ.
ಇಪ್ಪತ್ತಾರು ವರ್ಷ ಟ್ರಾಮು ಓಡಿಸಿದವಳು ನಾನು,
ಗೋಥೆನ್‌ಬರ್ಗಿನ ಹಿಮದಲ್ಲಿ ಹಳಿಗೆ ಅಡ್ಡಬರುವ
ಸೈಕಲ್ಲು, ಕುಡುಕ, ತಳ್ಳುಗಾಡಿಯ ಕೂಸು
ಎಲ್ಲವನ್ನೂ ಒಂದೇ ನೋಟದಲ್ಲಿ ಹಿಡಿದವಳು.
ಈಗ ಅಂಗಡಿಯಲ್ಲಿ ಹಾಲಿನ ಡಬ್ಬಿಗಳ ಸಾಲಿನೆದುರು
ನಿಂತಲ್ಲೇ ತೀರಿಹೋಗುತ್ತೇನೆ.
ಫ್ರಿಜ್ಜಿನ ಗುಂಯ್, ಯಾರದೋ ಫೋನು, ತಲೆಮೇಲಿನ ದೀಪ,
ಎಲ್ಲ ಒಳನುಗ್ಗುವ ಬಾಗಿಲಿಗೆ ಚಿಲಕವಿಲ್ಲ.
ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಎನ್ನುತ್ತಾಳೆ ತಂಗಿ.

ಇವತ್ತು ಹದಿನಾರನೇ ಸೇಬಿಗೆ ಕೈಚಾಚಿ
ಕಣ್ಣು ಮುಚ್ಚಿಬಿಟ್ಟೆ, ಪೆಟ್ಟಿಗೆಯೊಳಗೇ.
ರಾತ್ರಿ ಒಂದು ಗಂಟೆ, ಸಾಲ್ಟ್‌ಹೋಲ್ಮೆನ್,
ಎಲ್ಲರೂ ಇಳಿದ ಮೇಲೆ ದೀಪ ಆರಿಸಿ
ಸಮುದ್ರಕ್ಕೆ ಮುಖಮಾಡಿ ಕೂರುತ್ತಿದ್ದ ಆ ಆರು ನಿಮಿಷ.

ಹೊರಗೆ ಪರದೆಯ ಮೇಲೆ ಸಿಕ್ಸ್ಟೆನ್‌ಗೆ ಕಂಡಿದ್ದು
ತೇಲುವ ಒಂದು ಅಂಗೈ, ಏರದ ಅಂಕ.
ಕರೆಯಲಿಲ್ಲ ಅವನು.
ಟಿಣ್ ಸದ್ದು ಯಾವಾಗಲೋ ನಿಂತಿತ್ತು.
ಹಾಳೆಯಲ್ಲಿ ಬರೆದಿದ್ದಾನೆ, ಆಮೇಲೆ ಓದಿದೆ:
ಸೇಬು ಹದಿನೈದು, ವಿಶ್ರಾಂತಿ ಒಂಬತ್ತು ನಿಮಿಷ.

ಬೀದಿಯಲ್ಲಿ ಹನ್ನೊಂದನೇ ನಂಬರಿನ ಟ್ರಾಮು ಬಂತು.
ಚಾಲಕ ಹಳೆಯ ಜೊತೆಗಾರ, ಗುರುತು ಹಿಡಿದು
ಖುಷಿಗೆ ಗಂಟೆ ಬಾರಿಸಿದ, ಮತ್ತೆ ಬಾರಿಸಿದ.
ಸಾಕು ಮಾರಾಯ, ಎಂದು ಕೈಯೆತ್ತಿದೆ.

ಎಡಗೈ.