ಐದನೇ ಜೇಬು

ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಜೀನ್ಸಿನ ಐದನೇ ಜೇಬು ನನ್ನ ಪಾಲು.
ಬಲಗಡೆ, ದೊಡ್ಡ ಜೇಬಿನೊಳಗೆ,
ಎರಡು ಬೆರಳು ಕಷ್ಟಪಟ್ಟು ಹೋಗುವಂಥದ್ದು.
ದಿನಕ್ಕೆ ಮುನ್ನೂರು.
ಅದರಲ್ಲಿ ಯಾರು ಏನಿಡುತ್ತಾರೋ, ಇವತ್ತಿಗೂ ಗೊತ್ತಿಲ್ಲ.

ಇಸ್ತ್ರಿಯ ವೈರು ತಾಗಿ ಶೇಕ್ಷಾವಲಿ ಬಿದ್ದಾಗ
ಮೇನ್ ಸ್ವಿಚ್ ಇಳಿಸಿ
ಪಕ್ಕದಲ್ಲಿ ಮೊಣಕಾಲೂರಿ
ಒತ್ತಿದೆ.
ಹೋಂಗಾರ್ಡ್ ತರಬೇತಿಯಲ್ಲಿ ಒತ್ತಿದ್ದು ರಬ್ಬರ್ ಗೊಂಬೆ,
ಅದಕ್ಕೆ ಪಕ್ಕೆಲುಬಿರಲಿಲ್ಲ.
ಇವನದು ಲಟಕ್ಕೆಂದಿತು, ಎರಡು ಸಲ.
ಆ ಸದ್ದು ಹೆಬ್ಬೆರಳ ಬುಡದಲ್ಲಿ ಇನ್ನೂ ಇದೆ.
ನಿಲ್ಲಿಸಲಿಲ್ಲ. ಎಣಿಸುತ್ತಾ ಎಣಿಸುತ್ತಾ
ಮೂವತ್ತಾದ ಮೇಲೆ ಏನೆಂದು ಮರೆತು
ಮತ್ತೆ ಒಂದರಿಂದ.

ಬದುಕಿದ.
ಎದೆಯ ನಡುವೆ ನನ್ನ ಅಂಗೈಯ ಅಚ್ಚು,
ತೊಳೆಯದ ಡೆನಿಮ್ಮಿನ ನೀಲಿ.
ನರ್ಸು ಸ್ಪಿರಿಟ್ಟಿನಲ್ಲಿ ಉಜ್ಜಿದಳು.
ಅರ್ಧ ಬಣ್ಣ, ಹೋಯಿತು.
ಅರ್ಧ ಹೆಪ್ಪುಗಟ್ಟಿದ ರಕ್ತ, ಉಳಿಯಿತು.

ಹದಿನೆಂಟನೇ ದಿನ ಮಾಬುನ್ನಿಯ ಫೋನು:
"ಅಣ್ಣಾ, ಮಲಗಿದ್ರೆ ಉಸಿರು ಸಿಗವಲ್ದು ಅವ್ರಿಗೆ."

ಎಕೋ ಕೋಣೆ. ಕತ್ತಲು.
ಹೊರಗೆ ನಲವತ್ತಮೂರು ಡಿಗ್ರಿ, ಇಲ್ಲಿ ಎದೆಗೆ ತಣ್ಣನೆ ಜೆಲ್ಲು.
ಡಾಕ್ಟರಮ್ಮ ಒಂದು ಜಾಗದಲ್ಲಿ ಕೈ ನಿಲ್ಲಿಸಿದರು,
ಜಾರಿಸಿದರು, ಮತ್ತೆ ಅಲ್ಲಿಗೇ ಬಂದರು,
ಹೊಲಿಗೆ ತಪ್ಪಿದ ಕಡೆ ಬೆರಳು ತಾನಾಗಿ ನಿಲ್ಲುವ ಹಾಗೆ.
"ಬಹಳ ಅಪರೂಪ. ಓದಿದ್ದೆ ಅಷ್ಟೇ, ನೋಡಿರಲಿಲ್ಲ.
ಹೃದಯದ ಗೋಡೆ ಸೀಳಿದೆ.
ಹೊರಗಿನ ಪೊರೆ ಅಂಟಿಕೊಂಡು ರಕ್ತವನ್ನು ಹಿಡಿದಿಟ್ಟಿದೆ.
ಇಲ್ಲಿ ನೋಡಿ, ಬಾಯಿ ಸಣ್ಣದು, ಒಳಗೆ ಚೀಲ."
ಚೀಲವಲ್ಲ ಮೇಡಂ, ಜೇಬು.
ಹೇಳಲಿಲ್ಲ.
ಪ್ರತಿ ಬಡಿತಕ್ಕೂ ಆ ಬಾಯಲ್ಲಿ
ಕೆಂಪು ಒಳಗೆ, ನೀಲಿ ಹೊರಗೆ.
"ಬಣ್ಣ ಮಿಷನ್ನಿನದು," ಅಂದರು,
"ನಮ್ಮ ಕಡೆ ಬಂದರೆ ಕೆಂಪು, ಆಚೆ ಹೋದರೆ ನೀಲಿ."
ನಾನು ಕೈ ನೋಡಿಕೊಂಡೆ.

"ಎದೆ ಒತ್ತಿದ್ದು ಯಾರು?" ಬರೆದುಕೊಳ್ಳಲು ಕೇಳಿದ್ದು.
ಮಾಬುನ್ನಿ ನೆಲ ನೋಡಿದಳು.
ಶಾಲೆ ಹುಡುಗನಂತೆ ಕೈಯೆತ್ತಿದೆ.

ಎಡಮಗ್ಗುಲಲ್ಲಿ ಮಲಗಿದ್ದಲ್ಲೇ ಶೇಕ್ಷಾವಲಿ ನಕ್ಕ:
"ಏನ್ಮಾಡ್ತೀರಿ ಮೇಡಂ, ಇವನ ಕೈಗೆ ಏನು ಸಿಕ್ರೂ
ಒಂದು ಜೇಬು ಹಾಕ್ಬಿಡ್ತಾನೆ."
"ನಗಬೇಡಿ," ಅಂದರು ಅವರು, "ಚಿತ್ರ ಅಲುಗುತ್ತೆ."

ನಾಳೆ ಎದೆ ತೆರೆದು ತೇಪೆ ಹಾಕುತ್ತಾರಂತೆ.
ಯಾವ ದಾರ, ಇಂಚಿಗೆ ಎಷ್ಟು ಹೊಲಿಗೆ,
ಕೇಳೋಣವೆಂದರೆ ಯಾರನ್ನು?
ಶೆಡ್ಡಿಗೆ ಬಂದು ಕೂತಿದ್ದೇನೆ.
ಮುನ್ನೂರರಲ್ಲಿ ಹನ್ನೊಂದಾಗಿದೆ.
ಸೂಜಿ ಜೇಬಿನ ಬಾಯಿಯ ಹತ್ತಿರ ಬಂದಾಗಲೆಲ್ಲ
ಪೆಡಲ್ಲಿನ ಮೇಲಿನ ಕಾಲು
ಹಗುರವಾಗುತ್ತದೆ.