ಐನೂರ ತೊಂಬತ್ತನೆಯ ಖಾನೆ

ಡಂಡೀಯಲ್ಲಿ ಕಡಲಿಂದ ಎದ್ದು ಬರುವ ಮಂಜಿಗೆ
ಹಾರ್ ಎನ್ನುತ್ತಾರೆ.
ಮೊದಲ ವರ್ಷ ನನ್ನ ಕಿವಿಗದು ಹಾರ ಅಂತಲೇ ಕೇಳುತ್ತಿತ್ತು:
ಟೇ ನದಿಯ ಸೇತುವೆಗೆ ಯಾರೋ ಸನ್ಮಾನ ಮಾಡಿ
ಭಾಷಣ ಮರೆತು ಹೋದ ಹಾಗೆ.

ಆ ಶನಿವಾರ ರಾತ್ರಿಯೂ ಬಂದಿತ್ತು.
ಲೈಬ್ರರಿಯ ನೆಲಮಾಳಿಗೆಯಲ್ಲಿ ನಾವಿಬ್ಬರು,
ಒಂದು ಪೊಟ್ಟಣ ಶಾರ್ಟ್‌ಬ್ರೆಡ್,
ಹದಿನೇಳು ವರ್ಷ ಗೊರಕೆ ಹೊಡೆದ ಸರ್ವರ್.
"ಇನ್ನು ಎಲ್ಲ ಕ್ಲೌಡಿಗೆ" ಅಂದ ಯೂಅನ್ ಗೆಡ್ಡಿಸ್,
ಮನೆ ಖಾಲಿ ಮಾಡಿಸಲು ಬಂದವನಂತೆ ತೋಳು ಮಡಚಿ.

ಮೋಡ ಅಂದರೆ ಮೇಲೇನಿಲ್ಲ.
ಡಬ್ಲಿನ್ನಿನ ಆಚೆ ಹುಲ್ಲುಗಾವಲಲ್ಲಿ
ಕಿಟಕಿಯಿಲ್ಲದ ಶೆಡ್ಡು. ಫೋಟೋ ನೋಡಿದ್ದೇನೆ.
ಬೇಲಿಯಾಚೆ ಎರಡು ಕುರಿ.

ದೂರುವಂತಿಲ್ಲ. ಶೆಟ್‌ಲ್ಯಾಂಡಿನ ನರ್ಸ್ ಒಬ್ಬಳು
ರಾತ್ರಿ ಪಾಳಿಯ ನಡುವೆ ಮೂರು ಗಂಟೆಗೆ
ನಮ್ಮ ಪುಸ್ತಕ ತೆರೆದು ಪರೀಕ್ಷೆಗೆ ಓದಬಹುದು.
ಈ ಸರ್ವರೋ, ಮೇಲಿನ ಪೈಪು ತೊಟ್ಟಿಕ್ಕಿದರೆ
ತಲೆಯ ಮೇಲೆ ಬಕೆಟು ಹೊತ್ತು ಕೂರುತ್ತಿತ್ತು.

ಆರು ಲಕ್ಷ ಹನ್ನೊಂದು ಸಾವಿರ ದಾಖಲೆ.
ಶೇಕಡಾ ನಲವತ್ತು.
ಚಹಾ.
ಶೇಕಡಾ ನಲವತ್ತೊಂದು.

ತೊಂಬತ್ತೆಂಟಕ್ಕೆ ವರದಿಯೊಂದು ಉದುರಿತು:
ಖಾನೆ ೫೯೦. ಹೊಂದಾಣಿಕೆ ಇಲ್ಲ. ಕೈಬಿಡಲಾಗಿದೆ.

ಐನೂರ ತೊಂಬತ್ತು ಅಂದರೆ ಐಸೊಬೆಲ್ ರೆನ್ನಿ.
ಸ್ಥಳೀಯ ಟಿಪ್ಪಣಿಗೆಂದು ಬಿಟ್ಟ ಜಾಗ ಅದು;
ಇಪ್ಪತ್ತೊಂಬತ್ತು ವರ್ಷ, ಯಾರೂ ಹೇಳದೆ, ಯಾರೂ ಓದದೆ
ಆಕೆ ಅಲ್ಲಿ ಟೈಪು ಮಾಡುತ್ತ ಹೋಗಿದ್ದಳು.

"ಪುಟ ೪೧ರಲ್ಲಿ ಒಣಗಿಸಿದ ಜರಿಗಿಡದ ಎಲೆ. ತೆಗೆಯಬೇಡಿ."
"ಸೆಣಬಿನ ಗಿರಣಿಯ ಲೆಕ್ಕದ ಪುಸ್ತಕ. ಮೂಸಿದರೆ ಈಗಲೂ
ತಿಮಿಂಗಿಲದ ಎಣ್ಣೆ."
"ಎರವಲು ೧೯೭೬, ವಾಪಸು ೨೦೦೩. ತಂದದ್ದು ಅವನ ಹೆಂಡತಿ.
ದಂಡ ಕೇಳಲಿಲ್ಲ."
"ಅಂಚಿನ ಪೆನ್ಸಿಲ್ ಬರಹ ಅಚ್ಚಾದದ್ದಕ್ಕಿಂತ ಸರಿ."

ಇದೆಲ್ಲ ಡೇಟಾ ಅಲ್ಲ, ಅಂದ ಯೂಅನ್.
ನಿಜವೇ. ತೂರಿದ ಮೇಲೆ ಹೊಟ್ಟು ಹಾರಲೇಬೇಕು.
ಗಾಳಿ ಯಾರ ಕಡೆಯದು ಅಂತ ಮಾತ್ರ
ರಾಶಿ ಕೇಳುವಂತಿಲ್ಲ.

ಕಂಪನಿಗೆ ಫೋನು ಹಚ್ಚಿದೆ. ಆಚೆಯ ಹುಡುಗಿ ಬಲು ವಿನಯವಂತೆ:
"ಆ ಖಾನೆ ನಿಮ್ಮ ಒಪ್ಪಂದದಲ್ಲಿ ಬರುವುದಿಲ್ಲ ಮೇಡಂ.
ಬೇಕಾದರೆ ಹೆಚ್ಚುವರಿಯಾಗಿ..."
ಎಷ್ಟು?
ಎಂಟು ನಿಯತಕಾಲಿಕೆಗಳ ಒಂದು ವರ್ಷದ ಚಂದಾ.

ಪ್ರಿಂಟ್ ಒತ್ತಿದೆ.
ನಾಲ್ಕು ರೀಮು, ಎರಡು ಬಾರಿ ಕಾಗದ ಸಿಕ್ಕಿಕೊಂಡು,
ಯೂಅನ್ ಬಯ್ಯುತ್ತಲೇ ಮಂಡಿಯೂರಿ
ಎಳೆದು ಬಿಡಿಸಿದ, ಪುಟ ಹರಿಯದ ಹಾಗೆ.
ಹರಿಯದ ಹಾಗೆ. ಅದನ್ನು ಗಮನಿಸಿದೆ.

ಮೂರು ಪೆಟ್ಟಿಗೆ. ದಾರ ಕಟ್ಟಿ, ನಂಬರು ಹಾಕಿ,
ಕ್ಲೌಡಿನಲ್ಲಿ ಒಂದೇ ಒಂದು ಹೊಸ ದಾಖಲೆ ಬರೆದೆ:
ರೆನ್ನಿ, ಐಸೊಬೆಲ್. ಟಿಪ್ಪಣಿಗಳು.
ಇರುವ ಸ್ಥಳ: ನೆಲಮಾಳಿಗೆ, ಬಕೆಟಿನ ಪಕ್ಕ.
"ಬಕೆಟಿನ ಪಕ್ಕ" ಅನ್ನುವುದನ್ನು ಒಪ್ಪಲಿಲ್ಲ ಯಂತ್ರ.
ಕೆಂಪಕ್ಷರದಲ್ಲಿ ಮತ್ತೆ ಕೇಳಿತು. ಮತ್ತೆ ಬರೆದೆ.

ಐದೂವರೆಗೆ ಯೂಅನ್ ಗುಂಡಿ ಒತ್ತಿದ.
ಗೊರಕೆ ನಿಂತಾಗಲೇ ಗೊತ್ತಾದದ್ದು,
ಇಷ್ಟು ವರ್ಷ ನಾವು ಕೂಗಿ ಮಾತಾಡುತ್ತಿದ್ದೆವು ಎಂದು.

ಹೊರಗೆ ಬಂದರೆ ಸೇತುವೆ ಇಲ್ಲ, ನದಿ ಇಲ್ಲ,
ಆಚೆ ದಡ ಇಲ್ಲ.
ಹಾರ್ ಮುಖಕ್ಕೆ ತಣ್ಣಗೆ, ಒದ್ದೆಯಾಗಿ ತಾಗುತ್ತಿತ್ತು.
ನಿಂತು ಕೇಳಿದೆ. ತುಸು ಹೊತ್ತಿಗೆ ಎಲ್ಲೋ ಮಧ್ಯದಲ್ಲಿ
ಗೂಡ್ಸ್ ರೈಲೊಂದು, ಒಂದೊಂದೇ ಗಾಲಿ ಎಣಿಸುತ್ತ,
ದಾಟತೊಡಗಿತು.